ಘಾಟಿಯಿಂದ ಕಡಲಿಗೆ: ಸಂಸಾರ ಸಮೇತ ಎಂಟು ದಿನ

ಮಕ್ಕಳ ಪರೀಕ್ಷೆ ಮುಗಿದ ಮರುದಿನವೇ ನಗರದ ಮನೆಗಳಲ್ಲಿ ಇನ್ನೊಂದು ಪರೀಕ್ಷೆ ಆರಂಭವಾಗುತ್ತದೆ. ಇದು ಹಿರಿಯರಿಗೆ ಒಡ್ಡಿದ ಪರೀಕ್ಷೆ. ಪ್ರಶ್ನೆ ಒಂದೇ: ಈ ಬೇಸಗೆಯ ರಜದಲ್ಲಿ ಎಲ್ಲಿಗೆ ಹೋಗುವುದು?

ಮಲ್ಲೇಶ್ವರದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗನಿಗೆ ಕಡಲು ಬೇಕು. ಮಗಳಿಗೆ ಬೆಟ್ಟ ಬೇಕು. ಗೃಹಿಣಿಗೆ ಒಲೆಯ ಮುಂದೆ ನಿಲ್ಲದ ನಾಲ್ಕು ದಿನ ಸಿಕ್ಕಿದರೆ ಅದೇ ಕೈಲಾಸ. ಯಜಮಾನರಿಗೆ ದೊರೆತಿರುವುದು ಎಂಟು ದಿನದ ರಜ. ಕೈಯಲ್ಲಿರುವ ಹಣವೂ ಅಷ್ಟರಲ್ಲೇ ಇದೆ. ಅಜ್ಜಿಗೆ ಏನು ಬೇಕೆಂದು ಯಾರೂ ಕೇಳಿಲ್ಲ. ಆಕೆಯೇ ಮೂಲೆಯಿಂದ ಮೆಲ್ಲಗೆ, “ನೀವೆಲ್ಲ ಹೋಗಿ ಬನ್ನಿ. ಮನೆ ಕಾಯೋದಕ್ಕೆ ಒಬ್ಬರು ಬೇಕಲ್ಲ” ಎನ್ನುತ್ತಾರೆ. ಮೊಮ್ಮಗಳು ಹುಟ್ಟಿದಾಗ, ಮಗುವನ್ನು ಘಾಟಿ ಸುಬ್ರಹ್ಮಣ್ಯನ ಸನ್ನಿಧಿಗೆ ಕರೆತರುವೆನೆಂದು ಆಕೆ ಹೊತ್ತ ಹರಕೆಗೆ ಈಗ ಒಂಬತ್ತು ವರ್ಷ. ಹರಕೆ ಇನ್ನೂ ತೀರಿಲ್ಲ.

ಸಂಸಾರದ ಪ್ರವಾಸ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ಹಣ ಸಾಲದೆ ಕೆಟ್ಟ ಪ್ರವಾಸಗಳಿಗಿಂತ, ಒಬ್ಬರನ್ನು ಬಿಟ್ಟು ಹೋದ ಅಳುಕಿನಿಂದಲೋ, ಎಲ್ಲರನ್ನೂ ಒಂದೇ ಉಸಿರಿಗೆ ಓಡಿಸಿದ ಆಯಾಸದಿಂದಲೋ ಕೆಟ್ಟವು ಹೆಚ್ಚು. ನಗರ, ಬೆಟ್ಟ, ಕಡಲು ಮೂರನ್ನೂ ಎಂಟು ದಿನಗಳಲ್ಲಿ ಕಾಣಬಹುದು. ಆದರೆ ಲೆಕ್ಕ ಹಾಕಬೇಕಾದದ್ದು ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯಿಂದ.

ಮೊದಲ ಮೆಟ್ಟಿಲು ಘಾಟಿ

ದೂರದ ಪ್ರಯಾಣಕ್ಕೆ ಹತ್ತಿರದ ಊರಿನಿಂದ ನಾಂದಿ ಹಾಡುವುದು ಜಾಣತನ. ಘಾಟಿ ಸುಬ್ರಹ್ಮಣ್ಯ ಬೆಂಗಳೂರಿನಿಂದ ಸುಮಾರು ಅರವತ್ತು ಕಿಲೋಮೀಟರು. ದೊಡ್ಡಬಳ್ಳಾಪುರವನ್ನು ದಾಟಿದ ಬಳಿಕ ಗುಡ್ಡಗಳ ನಡುವೆ ಸಿಗುವ ಕ್ಷೇತ್ರ. ಹಿಂದೂಪುರದ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಮಾಕಳಿದುರ್ಗ ನಿಲ್ದಾಣ ಇದಕ್ಕೆ ಸಮೀಪ. ಬಂಡೆಗಳ ಮೇಲೆ ಹಳೆಯ ಕೋಟೆಯನ್ನು ಹೊತ್ತ ಮಾಕಳಿದುರ್ಗದ ಬೆಟ್ಟ ಮಕ್ಕಳ ಕಣ್ಣನ್ನು ದೂರದಿಂದಲೇ ಸೆಳೆಯುತ್ತದೆ. ಅಜ್ಜಿ ಜೊತೆಗಿದ್ದಾಗ ಅದನ್ನು ಕೆಳಗಿನಿಂದ ನೋಡಿ ತೃಪ್ತಿಪಡುವುದೇ ಲೇಸು.

ಘಾಟಿಯ ದೇಗುಲದ ವಿಶೇಷ ಅದರ ಮೂರ್ತಿ. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖಮಾಡಿದ ಏಳು ಹೆಡೆಯ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖಮಾಡಿದ ನರಸಿಂಹ. ಹಿಂಬದಿಯ ನರಸಿಂಹ ಭಕ್ತರಿಗೆ ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿಯನ್ನು ಇಟ್ಟಿದ್ದಾರೆ. ಸಂತಾನವನ್ನು ಬೇಡಿದವರು ಹರಕೆಯಾಗಿ ಪ್ರತಿಷ್ಠಿಸಿದ ನಾಗಶಿಲೆಗಳು ಸಾಲುಸಾಲಾಗಿ ನಿಂತಿವೆ. ಒಂದೊಂದು ಕಲ್ಲಿನ ಹಿಂದೆಯೂ ಒಂದೊಂದು ಮನೆಯ ಕಥೆಯಿದೆ. ಪುಷ್ಯಮಾಸದ ಬ್ರಹ್ಮರಥೋತ್ಸವವೂ ಆ ಸುಮಾರಿಗೆ ಸೇರುವ ದನಗಳ ಜಾತ್ರೆಯೂ ನಾಡಿನಲ್ಲೆಲ್ಲ ಹೆಸರಾದವು. ಬೇಸಗೆಯಲ್ಲಿ ಆ ಜನಜಂಗುಳಿ ಇಲ್ಲ. ಷಷ್ಠಿಯನ್ನೂ ಭಾನುವಾರವನ್ನೂ ಬಿಟ್ಟು ಬೆಳಗ್ಗೆಯೇ ಹೋದರೆ ಅಜ್ಜಿ ಅವಸರವಿಲ್ಲದೆ ಕೈಮುಗಿಯಬಹುದು.

ಈ ಒಂದು ದಿನ ಇಡೀ ಪ್ರವಾಸದ ತಾಲೀಮು. ಯಾರಿಗೆ ಬಸ್ಸಿನಲ್ಲಿ ತಲೆ ಸುತ್ತುತ್ತದೆ, ಯಾರ ಚಪ್ಪಲಿ ಕಚ್ಚುತ್ತದೆ, ಅಜ್ಜಿ ಎಷ್ಟು ದೂರ ನಡೆದ ಮೇಲೆ ಕೂರಬೇಕು, ಯಾವ ಔಷಧ ಮನೆಯಲ್ಲೇ ಉಳಿಯಿತು ಎಂಬುದೆಲ್ಲ ಮನೆಗೆ ಹತ್ತಿರವಿರುವಾಗಲೇ ತಿಳಿಯುತ್ತದೆ. ಕಡಲತೀರದಲ್ಲಿ ತಿಳಿದರೆ ಅದಕ್ಕೆ ದಂಡ ತೆರಬೇಕಾದೀತು.

ನಂದಿಯ ತಂಪು

ಎರಡನೆಯ ದಿನ ನಂದಿಬೆಟ್ಟ. ಎತ್ತರ 1,478 ಮೀಟರು; ಬೆಂಗಳೂರಿಗಿಂತ ಐನೂರು ಮೀಟರಿಗೂ ಮೇಲೆ. ಬೇಸಗೆಯಲ್ಲೂ ಮುಂಜಾನೆ ಅಜ್ಜಿಗೊಂದು ಶಾಲು ಬೇಕಾಗುತ್ತದೆ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಗೆದ್ದ ಕೋಟೆ, ಟೀಪು ಸುಲ್ತಾನನ ಬೇಸಗೆಯ ಬಿಡಾರ, ಶಿಖರದ ಯೋಗನಂದೀಶ್ವರ ಎಲ್ಲವೂ ಇಲ್ಲಿವೆ. 1927ರ ಬೇಸಗೆಯಲ್ಲಿ ದಣಿದ ದೇಹಕ್ಕೆ ವಿಶ್ರಾಂತಿ ಬೇಕೆಂದು ಗಾಂಧೀಜಿ ಬಂದು ತಂಗಿದ್ದದ್ದು ಈ ಬೆಟ್ಟದಲ್ಲಿಯೇ. ವಾಹನವು ಮೇಲಿನವರೆಗೂ ಹೋಗುವುದರಿಂದ ವೃದ್ಧರಿಗೆ ತೊಂದರೆಯಿಲ್ಲ. ರಜಾದಿನಗಳಲ್ಲಿ ವಾಹನಗಳಿಗೆ ಕಟ್ಟುಪಾಡುಗಳಿರುವುದುಂಟು, ವಿಚಾರಿಸಿಕೊಂಡು ಹೊರಡಬೇಕು. ತಿಂಡಿಯ ಪೊಟ್ಟಣವನ್ನು ಕೋತಿಗಳಿಗೆ ಕಾಣದಂತೆ ಇಟ್ಟುಕೊಳ್ಳುವುದು ಕ್ಷೇಮ. ಇಳಿದು ಬರುವಾಗ ಬುಡದಲ್ಲಿರುವ ಭೋಗನಂದೀಶ್ವರನ ಗುಡಿಯನ್ನು ನೋಡದೆ ಬರಬಾರದು. ಅದರ ಮೂಲ ಒಂಬತ್ತನೆಯ ಶತಮಾನದಷ್ಟು ಹಿಂದಿನದು.

ಬೆಟ್ಟದ ಮೇಲೆ ನಿಂತಾಗ ಮಕ್ಕಳಿಗೆ ಹೇಳಬೇಕಾದ ಮಾತೊಂದಿದೆ. ಅರ್ಕಾವತಿ ಹುಟ್ಟುವುದು ಇಲ್ಲಿ. ದೊಡ್ಡಬಳ್ಳಾಪುರವನ್ನು ಹಾದು ಹೆಸರಘಟ್ಟದ ಕೆರೆಯನ್ನು ತುಂಬಿ, 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿಯ ನೀರು ಉಣಿಸಿದ್ದು ಈ ಹೊಳೆ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಇದಕ್ಕೇ ಕಟ್ಟಿದ್ದು. ಇಂದು ಈ ಭಾಗದಲ್ಲಿ ಹೊಳೆಯ ಪಾತ್ರ ವರ್ಷದ ಬಹುಕಾಲ ಒಣಗಿರುತ್ತದೆ. ನಗರ ಕಾವೇರಿಯ ಕಡೆಗೆ ಕೈಚಾಚಿದೆ. ಕೊಳಾಯಿ ತಿರುಗಿಸಿದರೆ ನೀರು ಬರುತ್ತದೆಂದಷ್ಟೇ ತಿಳಿದ ಮಗುವಿಗೆ ಈ ಬೆಟ್ಟ ಒಂದು ಪಾಠಶಾಲೆ.

ಒಂದು ದಿನದ ಬಿಡುವು

ಮೂರನೆಯ ದಿನ ಮನೆಯಲ್ಲೇ ಇರಬೇಕು. ಇದನ್ನು ಕೇಳಿ ಮಕ್ಕಳು ಮುಖ ಸಿಂಡರಿಸಬಹುದು. ಆದರೆ ಬಟ್ಟೆ ಒಗೆದು ಒಣಗಬೇಕು, ಕಾಲುನೋವು ಇಳಿಯಬೇಕು, ಕೋಡುಬಳೆ, ಚಟ್ನಿಪುಡಿಗಳು ಡಬ್ಬಿ ಸೇರಬೇಕು. ಈ ಕೆಲಸವೆಲ್ಲ ಗೃಹಿಣಿಯೊಬ್ಬಳ ಪಾಲಿಗೆ ಬಿದ್ದರೆ ಆಕೆಗೆ ಅದು ಬಿಡುವೂ ಅಲ್ಲ, ಪ್ರವಾಸವೂ ಅಲ್ಲ. ಮಕ್ಕಳೂ ಯಜಮಾನರೂ ಕೈಗೂಡಿಸುವುದು ನ್ಯಾಯ.

ಘಟ್ಟದ ಇಳಿಜಾರು

ನಾಲ್ಕನೆಯ ದಿನ ಹಗಲಿನ ರೈಲು. ರೈಲಿನ ಮುಂಗಡ ಟಿಕೆಟು 2024ರ ನವೆಂಬರಿನಿಂದ ಅರವತ್ತು ದಿನ ಮುಂಚೆ ದೊರೆಯುತ್ತಿದೆ; ಏಪ್ರಿಲ್ ಕೊನೆಗೆ ಹೊರಡುವವರು ಫೆಬ್ರವರಿಯ ಕೊನೆಗೇ ನಿರ್ಧರಿಸಬೇಕು. ಹಗಲಿನ ಗಾಡಿ ಯಾವ ದಿನಗಳಲ್ಲಿ ಓಡುತ್ತದೆಂಬುದನ್ನು ಮೊದಲು ವಿಚಾರಿಸಿ, ರಜವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಮೇಲು. ಏಕೆಂದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು ಐವತ್ತೈದು ಕಿಲೋಮೀಟರಿನ ದಾರಿಯನ್ನು ಕತ್ತಲೆಯಲ್ಲಿ ದಾಟುವುದು ಹೂರಣವನ್ನು ತೆಗೆದಿಟ್ಟು ಹೋಳಿಗೆ ತಿಂದಂತೆ. ಐವತ್ತೇಳು ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. 1979ರಲ್ಲಿ ತೆರೆದ ಈ ಹಾಸನ–ಮಂಗಳೂರು ಮಾರ್ಗ, ಹಳಿಗಳನ್ನು ಅಗಲಿಸುವ ಸಲುವಾಗಿ ಬಹುಕಾಲ ಮುಚ್ಚಿದ್ದು, 2007ರ ಡಿಸೆಂಬರಿನಲ್ಲಿ ಮತ್ತೆ ಪ್ರಯಾಣಿಕರಿಗೆ ದೊರೆಯಿತು.

ನಂದಿಯಲ್ಲಿ ಆರಂಭವಾದ ಪಾಠ ಇಲ್ಲಿ ಮುಂದುವರಿಯುತ್ತದೆ. ಸಕಲೇಶಪುರದ ಹೇಮಾವತಿ ಕಾವೇರಿಯನ್ನು ಕೂಡಿ ಪೂರ್ವದ ಕಡಲಿಗೆ ಹೋಗುವವಳು. ಗಾಡಿ ಘಟ್ಟವನ್ನು ಇಳಿಯತೊಡಗಿದರೆ ಹಳ್ಳಗಳೆಲ್ಲ ಪಶ್ಚಿಮಕ್ಕೆ ತಿರುಗುತ್ತವೆ. ಆ ಪಶ್ಚಿಮದ ನೀರನ್ನೇ ಮೇಲಕ್ಕೆತ್ತಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಂಥ ಒಣ ಜಿಲ್ಲೆಗಳಿಗೆ ಹರಿಸಬೇಕೆಂಬುದು ಎತ್ತಿನಹೊಳೆ ಯೋಜನೆ. ಅದರ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ಘಟ್ಟದ ಕಾಡಿಗೂ ಕರಾವಳಿಯ ಹೊಳೆಗಳಿಗೂ ಅದರಿಂದ ಕೇಡಾದೀತೆಂಬ ಆಕ್ಷೇಪವೂ ಬಲವಾಗಿದೆ. ಘಾಟಿಯ ಬಾಯಾರಿಕೆಯನ್ನು ಕಂಡು ಬಂದ ಮಕ್ಕಳು ಘಟ್ಟದ ಹಸಿರನ್ನೂ ಕಂಡರೆ, ಎರಡು ಕಡೆಯ ಮಾತಿನಲ್ಲೂ ನೋವಿದೆಯೆಂಬುದು ಅವರಿಗೆ ತಾನಾಗಿಯೇ ಹೊಳೆಯುತ್ತದೆ.

ಆ ರಾತ್ರಿ ಕುಕ್ಕೆಯಲ್ಲಿ ತಂಗುವುದು. ಕುಕ್ಕೆ ಆದಿ ಸುಬ್ರಹ್ಮಣ್ಯ, ಘಾಟಿ ಮಧ್ಯ, ಪಾವಗಡದ ಬಳಿಯ ನಾಗಲಮಡಿಕೆ ಅಂತ್ಯ ಎಂಬುದು ಆಸ್ತಿಕರ ನಂಬಿಕೆ. ಎರಡನ್ನು ಒಂದೇ ವಾರದಲ್ಲಿ ಕಂಡ ಅಜ್ಜಿಯ ಸಂತೋಷಕ್ಕೆ ಬೆಲೆ ಕಟ್ಟಲಾಗದು.

ಕಡಲು

ಐದನೆಯ ದಿನ ಕುಮಾರಧಾರೆಯಲ್ಲಿ ಮಿಂದು, ದರ್ಶನ ಮುಗಿಸಿ ಮಂಗಳೂರಿಗೆ ಹೊರಟರೆ, ದಾರಿಯಲ್ಲಿ ಉಪ್ಪಿನಂಗಡಿಯಲ್ಲಿ ಆ ಹೊಳೆ ನೇತ್ರಾವತಿಯನ್ನು ಸೇರುವುದು ಕಾಣುತ್ತದೆ. ಸಂಜೆಗೆ ಪಣಂಬೂರಿನ ಮರಳು. ಆರು ಮತ್ತು ಏಳನೆಯ ದಿನಗಳು ಉಡುಪಿ, ಮಲ್ಪೆಗಳಿಗೆ. ಅಜ್ಜಿಗೆ ಕನಕನ ಕಿಂಡಿ. ಮಕ್ಕಳಿಗೆ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪ. ಅಲ್ಲಿ ಕಂಬಗಳಂತೆ ನಿಂತ ಶಿಲೆಗಳು ಭಾರತವೂ ಮಡಗಾಸ್ಕರವೂ ಬೇರ್ಪಟ್ಟ ಕಾಲದ ಲಾವಾರಸದಿಂದಾದವು.

ಕರಾವಳಿಯ ಸೆಖೆಗೆ ಅಂಜುವವರು ಬೆಳಗ್ಗೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ ಮಾತ್ರ ತೀರಕ್ಕೆ ಹೋಗಬೇಕು. ನಡುಹಗಲು ಊಟಕ್ಕೂ ನಿದ್ದೆಗೂ ಮೀಸಲು. ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಮಳೆ ಇಳಿಯುತ್ತದೆ. ಅದಕ್ಕೂ ಮುಂಚೆಯೇ ಕಡಲು ಒರಟಾಗುವುದುಂಟು. ಆದ್ದರಿಂದ ಈ ಪ್ರವಾಸ ಮೇ ನಡುವಿನೊಳಗೆ ಮುಗಿಯಬೇಕು. ಕಾವಲಿನವರು ಬೇಡವೆಂದ ಕಡೆ ನೀರಿಗೆ ಇಳಿಯಕೂಡದು. ಈಜು ಬಲ್ಲೆನೆಂಬ ಧೈರ್ಯ ಕೆರೆಗೆ ಸಾಕಾದೀತು, ಕಡಲಿಗೆ ಸಾಲದು.

ಏಳನೆಯ ರಾತ್ರಿ ಗಾಡಿ ಹತ್ತಿದರೆ ಎಂಟನೆಯ ಬೆಳಗ್ಗೆ ಬೆಂಗಳೂರು. ಖರ್ಚಿನ ಪಟ್ಟಿಯಲ್ಲಿ ಟಿಕೆಟು, ವಸತಿ, ಊಟ, ವಾಹನಗಳ ಜೊತೆಗೆ ಹತ್ತರಲ್ಲೊಂದು ಪಾಲನ್ನು ಅನಿರೀಕ್ಷಿತಕ್ಕೆಂದು ತೆಗೆದಿಡಬೇಕು. ಉಳಿದರೆ ಮುಂದಿನ ವರ್ಷದ ಡಬ್ಬಿಗೆ ಅದೇ ಮೊದಲ ಕಾಸು. ಹಣ ಅಥವಾ ರಜ ಕಡಿಮೆ ಬಿದ್ದರೆ ಕಡಲಿನ ಒಂದು ದಿನವನ್ನು ಕಳೆಯಬಹುದು. ಬಿಡುವಿನ ದಿನವನ್ನು ಕಳೆಯಬಾರದು, ಘಾಟಿಯನ್ನಂತೂ ಕಳೆಯಲೇಬಾರದು.

ವರ್ಷಗಳು ಉರುಳಿದ ಮೇಲೆ ಮಕ್ಕಳು ಅಲೆಗಳನ್ನು ನೆನೆಯುವರು, ಸುರಂಗಗಳ ಎಣಿಕೆಯಲ್ಲಿ ಜಗಳವಾಡುವರು. ಅದರೊಡನೆ ಘಾಟಿಯ ಗರ್ಭಗುಡಿಯ ಮುಂದೆ ಒಂಬತ್ತು ವರ್ಷದ ಹರಕೆಯನ್ನು ತೀರಿಸಿದ ಅಜ್ಜಿ, ಮೊಮ್ಮಗಳ ಹೆಗಲು ಹಿಡಿದು “ಕನ್ನಡಿ ನೋಡು ಮಗಾ, ಕಾಣಿಸಿತೇ?” ಎಂದು ಕೇಳಿದ್ದೂ ನೆನಪಿನಲ್ಲಿ ಉಳಿಯುತ್ತದೆ. ಮನೆ ಕಾಯಲು ಗಟ್ಟಿಮುಟ್ಟಾದ ಒಂದು ಬೀಗ ಸಾಕು. ಅಜ್ಜಿ ಜೊತೆಯಲ್ಲಿರಲಿ.