ಗರ್ಭಿಣಿಯ ರಕ್ತದೊತ್ತಡಕ್ಕೆ ಮೂರು ಮಾತ್ರೆಗಳು

ಗರ್ಭ ನಿಂತ ಇಪ್ಪತ್ತು ವಾರಗಳ ನಂತರ ಕೆಲವು ಸ್ತ್ರೀಯರ ರಕ್ತದೊತ್ತಡವು 140/90ನ್ನು ಮುಟ್ಟಿ ಮೇಲೇರುತ್ತದೆ. ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನೂ ಕಾಣುತ್ತದೆ. ಇದೇ ಪ್ರಿಎಕ್ಲಾಂಪ್ಸಿಯ. ಒತ್ತಡವು 160/110ಕ್ಕೆ ಏರಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ತಾಯಿಯ ಪ್ರಾಣಕ್ಕೇ ಅಪಾಯವುಂಟು. ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಆದರೆ ನಮ್ಮ ಅಕ್ಕನಿಗೆ ಎಂಟನೆಯ ತಿಂಗಳಲ್ಲಿ ಈ ತೊಂದರೆ ಬಂದಂದಿನಿಂದ ಇದರ ಬಗೆಗೆ ಓದುತ್ತ ಬಂದಿದ್ದೇನೆ.

ರೋಗದ ಮೂಲ ಮಾಸಿನಲ್ಲಿದೆ. ಹೆರಿಗೆಯಾಗಿ ಮಾಸು ಹೊರಬೀಳುವುದೇ ಇದಕ್ಕೆ ನಿಜವಾದ ಪರಿಹಾರ. ಹಾಗಾದರೆ ಮಾತ್ರೆ ಏಕೆ? ಅದು ರೋಗವನ್ನು ನೀಗುವುದಿಲ್ಲ, ಅಲ್ಲಿಯವರೆಗೆ ತಾಯಿಯ ಮೆದುಳನ್ನು ಕಾಯುತ್ತದೆ. ಒತ್ತಡವನ್ನು ಥಟ್ಟನೆ ಬಹಳ ಇಳಿಸಿದರೆ ಮಗುವಿಗೆ ರಕ್ತ ಸಾಲದಾಗುತ್ತದೆ. ಆದ್ದರಿಂದ ಹದವಾಗಿ ಇಳಿಸಬೇಕು.

ರಕ್ತನಾಳಕ್ಕೆ ಕೊಡುವ ಔಷಧಿಗೆ ನುರಿತ ಕೈ, ಸತತ ನಿಗಾ ಬೇಕು. ಸಣ್ಣ ಆಸ್ಪತ್ರೆಗೆ ನುಂಗುವ ಮಾತ್ರೆಯೇ ಅನುಕೂಲ. ಅವುಗಳಲ್ಲಿ ಯಾವುದು ಮೇಲು? ಇದನ್ನು ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ 894 ಗರ್ಭಿಣಿಯರಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆರು ಗಂಟೆಗಳೊಳಗೆ, ಕೆಟ್ಟ ಪರಿಣಾಮವಿಲ್ಲದೆ, ಒತ್ತಡ ಹತೋಟಿಗೆ ಬಂದುದು ನಿಫೆಡಿಪೀನ್ ಪಡೆದವರಲ್ಲಿ ನೂರಕ್ಕೆ 84, ಲಾಬೆಟಲಾಲ್ ಪಡೆದವರಲ್ಲಿ 77, ಮೀಥೈಲ್‌ಡೋಪ ಪಡೆದವರಲ್ಲಿ 76 ಮಂದಿಗೆ. ನಿಫೆಡಿಪೀನ್ ಮುಂದಿದ್ದರೂ ಆ ಗುಂಪಿನ ಶಿಶುಗಳು ಹೆಚ್ಚು ಸಂಖ್ಯೆಯಲ್ಲಿ ತೀವ್ರನಿಗಾ ಘಟಕವನ್ನು ಸೇರಿದ್ದುವು. ಮೂರೂ ಉಪಯುಕ್ತವೆಂಬುದೇ ತಾತ್ಪರ್ಯ. ಒಂದು ಸಿಗದ ಕಡೆ ಇನ್ನೊಂದನ್ನು ಕೊಡಬಹುದು.

ಪ್ರತಿಯೊಂದಕ್ಕೂ ಅದರದೇ ಗುಣ, ದೋಷ. ನಿಫೆಡಿಪೀನ್ ರಕ್ತನಾಳಗಳನ್ನು ಸಡಿಲಿಸುತ್ತದೆ; ತಲೆನೋವು ತರಬಹುದು, ಅದು ರೋಗದ ತಲೆನೋವೋ ಮಾತ್ರೆಯದೋ ಎಂದು ತಿಳಿಯದೆ ಗೊಂದಲವಾಗಬಹುದು. ಲಾಬೆಟಲಾಲ್ ಉಬ್ಬಸವಿರುವವರಿಗೆ ಸಲ್ಲದು. ಮೀಥೈಲ್‌ಡೋಪ ಗರ್ಭಿಣಿಯರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಔಷಧಿ. ನಿಧಾನವಾಗಿ ಕೆಲಸಮಾಡುತ್ತದೆ, ಮಂಪರು ಬರಿಸುತ್ತದೆ. ಇತರರಿಗೆ ಸಾಮಾನ್ಯವಾಗಿ ಕೊಡುವ ಎನಲಾಪ್ರಿಲ್ ಗರ್ಭಿಣಿಗೆ ಕೂಡದು. ಅದು ಭ್ರೂಣದ ಮೂತ್ರಪಿಂಡಗಳಿಗೆ ಹಾನಿಕರ. ಫಿಟ್ಸ್ ತಡೆಯುವ ಕೆಲಸ ಈ ಮಾತ್ರೆಗಳದಲ್ಲ, ಮೆಗ್ನೀಸಿಯಂ ಸಲ್ಫೇಟಿನದು. ಅದು ಫಿಟ್ಸಿನ ಸಂಭವವನ್ನು ಸುಮಾರು ಅರ್ಧಕ್ಕಿಳಿಸುವುದೆಂದು 2002ರಲ್ಲಿ ಪ್ರಕಟವಾದ ‘ಮ್ಯಾಗ್‌ಪೈ’ ಪ್ರಯೋಗ ತೋರಿಸಿತು.

ಇಷ್ಟನ್ನೂ ಓದಿ ಯಾರೂ ತಾವೇ ಅಂಗಡಿಯಿಂದ ಮಾತ್ರೆ ತಂದುಕೊಡಬಾರದು. ಬಸುರಿಗೆ ವಿಪರೀತ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖದಲ್ಲಿ ಬಾವು ಕಂಡರೆ ‘ಬಸಿರೆಂದಮೇಲೆ ಇದ್ದದ್ದೇ’ ಎಂದು ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ಲಕ್ಷಣವೂ ಇಲ್ಲದೆ ಒತ್ತಡ ಏರುವುದುಂಟು. ಆದುದರಿಂದ ಪ್ರತಿ ತಪಾಸಣೆಯಲ್ಲೂ ಅದನ್ನು ಅಳೆಯಿಸುವಂತೆ ನಮ್ಮ ನಮ್ಮ ಮನೆಗಳಲ್ಲಿ ಹೇಳುವುದು ಓದುಬರಹ ಬಲ್ಲ ನಮ್ಮೆಲ್ಲರ ಕರ್ತವ್ಯ.