ಹಾಲಿ ಏಳು, ಕಲ್ದಾರ್ ಆರು

ಬೀದರ, ಕಲಬುರಗಿ, ರಾಯಚೂರು ಕಡೆಯ ಎಂಬತ್ತೈದು ದಾಟಿದ ಹಿರಿಯರನ್ನು ಮಾತಿಗೆಳೆದರೆ ಈ ಲೆಕ್ಕ ಈಗಲೂ ಥಟ್ಟನೆ ಬಾಯಿಗೆ ಬರುತ್ತದೆ: ಹಾಲಿ ಏಳು, ಕಲ್ದಾರ್ ಆರು. ಹಾಲಿ ಅಂದರೆ ನಿಜಾಮರ ಹೈದರಾಬಾದ್ ರಾಜ್ಯದ ರೂಪಾಯಿ. ಕಲ್ದಾರ್ ಅಂದರೆ ಬ್ರಿಟಿಷ್ ಇಂಡಿಯಾದ ರೂಪಾಯಿ. ಕಲಬುರಗಿಯ ರೈತ ಎತ್ತು ಕೊಳ್ಳಲು ವಿಜಯಪುರಕ್ಕೆ ಹೋದರೆ ಅದು ಆಗ ಮುಂಬೈ ಪ್ರಾಂತ್ಯ, ಅಲ್ಲಿ ನಡೆಯುತ್ತಿದ್ದುದು ಕಲ್ದಾರ್. ಏಳು ಹಾಲಿ ಎಣಿಸಿ ಕೊಟ್ಟು ಆರು ಕಲ್ದಾರ್ ಎಣಿಸಿಕೊಳ್ಳಬೇಕಿತ್ತು. ಕನ್ನಡ ಒಂದೇ, ರೊಕ್ಕ ಎರಡು.

ನಾನು ಹುಮನಾಬಾದ್ ಕಡೆಯವನು. ಹೈದರಾಬಾದಿನ ಬಾಲಾನಗರದಲ್ಲಿ ಡೈ ಫಿಟ್ಟರ್ ಆಗಿ ದುಡಿದು, ಈಗ ಇಲ್ಲೇ ನೆಲೆ ನಿಂತಿದ್ದೇನೆ. ಐಡಿಪಿಎಲ್‌ನಂಥ ದೊಡ್ಡ ಕಾರ್ಖಾನೆ, 1968ರಲ್ಲಿ ಶುರುವಾದ ಟೂಲ್ ಡಿಸೈನ್ ಸಂಸ್ಥೆ, ಅವುಗಳ ಸುತ್ತ ಬೆಳೆದ ನೂರಾರು ಸಣ್ಣ ಪ್ರೆಸ್ ಶಾಪುಗಳು ಬಾಲಾನಗರವನ್ನು ಕಟ್ಟಿದವು. ನಮ್ಮ ಕೆಲಸ ಉಕ್ಕಿನಲ್ಲಿ ಆಕಾರ ಕೆತ್ತಿ ಅದನ್ನು ತಗಡಿಗೆ ಒತ್ತುವುದು. ನಾಣ್ಯವೂ ಅದೇ ಕೆಲಸದ ಫಲ. ಮೇಲೊಂದು ಡೈ, ಕೆಳಗೊಂದು ಡೈ, ಸುತ್ತ ಬಳೆಯಂಥ ಕಾಲರ್, ನಡುವೆ ಅಚ್ಚಾಗದ ಬೆಳ್ಳಿಯ ಬಿಲ್ಲೆ, ಅಂದರೆ ಬ್ಲ್ಯಾಂಕ್. ಹಾಗಾಗಿ ಹಳೆಯ ರೂಪಾಯಿಯನ್ನು ನಾನು ಮೊದಲು ನೋಡಿದ್ದು ಕೆಲಸಗಾರನ ಕಣ್ಣಿನಿಂದ. ಇತಿಹಾಸ ಆಮೇಲೆ ಬಂತು.

ಏಳು–ಆರರ ಮರ್ಮ ಬಿಡಿಸಿಕೊಂಡದ್ದೂ ತಕ್ಕಡಿಯ ಮುಂದೆಯೇ. ಕಲ್ದಾರ್ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಹಾಲಿ ರೂಪಾಯಿ 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8. ಗುಣಿಸಿ ನೋಡಿ: ಕಲ್ದಾರ್‌ನಲ್ಲಿ 10.69 ಗ್ರಾಂ ಅಪ್ಪಟ ಬೆಳ್ಳಿ, ಹಾಲಿಯಲ್ಲಿ 9.14. ಆರು ಕಲ್ದಾರ್ ಸೇರಿದರೆ ಸುಮಾರು 64 ಗ್ರಾಂ, ಏಳು ಹಾಲಿ ಸೇರಿದರೂ ಸುಮಾರು 64 ಗ್ರಾಂ. ಅಕ್ಷರ ಬಾರದ ರೈತ ಸಂತೆಯಲ್ಲಿ ಹೇಳುತ್ತಿದ್ದ ಲೆಕ್ಕಕ್ಕೂ ಟಂಕಸಾಲೆಯ ರಸಾಯನಶಾಸ್ತ್ರಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಇದು ಗೊತ್ತಾದ ಮೇಲೆ ಈ ನಾಣ್ಯಗಳನ್ನು ಕೈಬಿಡಲು ನನಗೆ ಆಗಲಿಲ್ಲ.

ನನ್ನ ಆಲ್ಬಂ ಕಟ್ಟಿರುವುದು ಈ ಲೆಕ್ಕದ ಮೇಲೆಯೇ. ಪುಟದ ಎಡಕ್ಕೆ ಹಾಲಿ, ಬಲಕ್ಕೆ ಅದೇ ಕಾಲದ ಕಲ್ದಾರ್. ರೂಪಾಯಿ, ಎಂಟಾಣೆ, ಪಾವಲಿ ಎನ್ನುವ ನಾಲ್ಕಾಣೆ, ಎರಡಾಣೆ. ಎಲ್ಲವೂ ಕೈಯಿಂದ ಕೈಗೆ ಓಡಾಡಿ ಸವೆದವು. ಟಂಕಸಾಲೆಯಿಂದ ನೇರ ಪೆಟ್ಟಿಗೆಗೆ ಹೋದ, ಮಿರಿಮಿರಿ ಹೊಳೆಯುವ ನಾಣ್ಯಕ್ಕೆ ಹರಾಜಿನಲ್ಲಿ ದೊಡ್ಡ ಬೆಲೆ ಇದೆ. ಅದನ್ನು ಇಷ್ಟಪಡುವವರ ಬಗ್ಗೆ ನನಗೆ ಗೌರವವೂ ಇದೆ. ಆದರೆ ಅದು ಯಾರ ಎತ್ತನ್ನೂ ಕೊಂಡಿಲ್ಲ, ಯಾರ ಕಂದಾಯವನ್ನೂ ಕಟ್ಟಿಲ್ಲ. ನನಗೆ ಬೇಕಾದದ್ದು ದುಡಿದ ನಾಣ್ಯ. ಸಂಬಳದಲ್ಲಿ ಬದುಕುವವರಿಗೂ ಅದೇ ಕೈಗೆಟುಕುವುದು.

ಸವೆತವನ್ನು ಓದಲು ಕಲಿಯಬೇಕು. ಡೈಯಲ್ಲಿ ಎಲ್ಲಿ ಆಳವಾಗಿ ಕೆತ್ತಿದೆಯೋ ನಾಣ್ಯದಲ್ಲಿ ಆ ಜಾಗ ಎತ್ತರ, ಮೊದಲು ಸವೆಯುವುದೂ ಆ ಜಾಗವೇ. ಐದನೆಯ ಜಾರ್ಜ್ ರಾಜನ ರೂಪಾಯಿಯಲ್ಲಾದರೆ ಹುಬ್ಬು, ಗಡ್ಡ, ಕಿವಿಯ ಮೇಲಿನ ಕೂದಲು ಮೊದಲು ನಯವಾಗುತ್ತವೆ. ಕೂದಲ ಗೆರೆ ಇನ್ನೂ ಕಂಡರೆ ಸ್ವಲ್ಪ ಓಡಾಡಿದ ನಾಣ್ಯ. ಮುಖ ಬರೀ ನೆರಳಾಗಿ ಉಳಿದು ಅಂಚಿನ ಅಕ್ಷರ ಮಾತ್ರ ಓದಲು ಬಂದರೆ ದಶಕಗಟ್ಟಲೆ ತಿರುಗಿದ್ದು. ಸರ್ಕಾರ ಕೂಡ ಸವೆತಕ್ಕೆ ಮಿತಿ ಇಟ್ಟಿತ್ತು. 1906ರ ನಾಣ್ಯ ಕಾಯ್ದೆಯ ಪ್ರಕಾರ ರೂಪಾಯಿ ತನ್ನ ತೂಕದಲ್ಲಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಕಳೆದುಕೊಂಡರೆ ಅದು ಚಲಾವಣೆಯ ಹಕ್ಕು ಕಳೆದುಕೊಳ್ಳುತ್ತಿತ್ತು. ಅಂದರೆ 11.43 ಗ್ರಾಂಗಿಂತ ಕೆಳಗಿಳಿದ ಕಲ್ದಾರ್‌ನ ಸೇವೆ ಮುಗಿದಂತೆ. ಅಂಥವೂ ನನ್ನ ಆಲ್ಬಂನಲ್ಲಿವೆ. ನಿಜವಾದ ಸವೆತ ಮೆಲ್ಲಗೆ, ಎಲ್ಲ ಎತ್ತರದ ಜಾಗಗಳಲ್ಲಿ ಒಂದೇ ಸಮನೆ ಇಳಿದಿರುತ್ತದೆ. ಅರ ಹಾಕಿದ್ದು, ಬೆಸುಗೆ ಹಾಕಿ ಕೊಂಡಿ ಕೂಡಿಸಿದ್ದು, ಆಸಿಡ್‌ನಲ್ಲಿ ಅದ್ದಿದ್ದು ಬೇರೆ. ಭೂತಗನ್ನಡಿ ಹಿಡಿದರೆ ಗೆರೆಗಳ ದಿಕ್ಕೇ ಅದನ್ನು ಹೇಳಿಬಿಡುತ್ತದೆ.

ಹಾಲಿಯ ಬದಿಯ ಪುಟ ನನಗೆ ಹೆಚ್ಚು ಪ್ರೀತಿಯದು. ಹಳೆಯ ಹಾಲಿ ಸಿಕ್ಕಾಗಳು ಸುತ್ತಿಗೆಯ ಏಟಿನಲ್ಲಿ ಮೂಡಿದವು. ಕಾಲರ್ ಇಲ್ಲ, ಬ್ಲ್ಯಾಂಕ್‌ಗಿಂತ ಡೈಯೇ ದೊಡ್ಡದು. ಆದ್ದರಿಂದ ಬರಹದ ಅರ್ಧ ನಾಣ್ಯದಿಂದ ಹೊರಗೇ ಉಳಿದಿರುತ್ತದೆ. ಇಂಥ ನಾಣ್ಯ ಹೈದರಾಬಾದಿನಲ್ಲಿ ಮಾತ್ರವಲ್ಲ, ಒಂದು ಕಾಲಕ್ಕೆ ಗದ್ವಾಲ, ನಾರಾಯಣಪೇಟೆ, ನಮ್ಮ ಕಲ್ಯಾಣಿಯಲ್ಲೂ ಅಚ್ಚಾಗುತ್ತಿತ್ತು. ಈಗಿನ ಬಸವಕಲ್ಯಾಣವೇ ಆ ಕಲ್ಯಾಣಿ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಯಂತ್ರದ ಅಚ್ಚು ಬಂತು, ಜನ ಅದನ್ನು ಚರ್ಖಿ ಎಂದರು. 1903ರಲ್ಲಿ ಸೈಫಾಬಾದಿನಲ್ಲಿ ಹೊಸ ಟಂಕಸಾಲೆ ಎದ್ದಿತು. ಅದೇ ಹೊತ್ತಿಗೆ, ಹಿಜರಿ 1321ರಲ್ಲಿ, ಚಾರ್‌ಮಿನಾರ್ ರೂಪಾಯಿ ಹುಟ್ಟಿತು.

ಈ ನಾಣ್ಯವನ್ನು ಒಮ್ಮೆ ಕೈಯಲ್ಲಿಟ್ಟುಕೊಂಡು ನೋಡಬೇಕು. ನಡುವೆ ಚಾರ್‌ಮಿನಾರ್, ಸುತ್ತ ಆಸಫ್ ಜಾ ಎಂಬ ಬಿರುದಿನ ಬರಹ, ಮೇಲೆ 92 ಎಂಬ ಅಂಕಿ. ಅಕ್ಷರಕ್ಕೊಂದು ಸಂಖ್ಯೆ ಕೊಡುವ ಹಳೆಯ ಪದ್ಧತಿಯಲ್ಲಿ ಮುಹಮ್ಮದ್ ಎಂಬ ಹೆಸರನ್ನು ಕೂಡಿದರೆ ಬರುವ ಮೊತ್ತ ಅದು. ಕಟ್ಟಡದ ಬಾಗಿಲೊಳಗೆ ಇಣುಕಿ ನೋಡಿದರೆ ಒಂದು ಪುಟ್ಟ ಅಕ್ಷರ. ಅದು ‘ಮೀಮ್’ ಆದರೆ ಮಹಬೂಬ್ ಅಲಿ ಖಾನರ ಕಾಲದ್ದು, ‘ಐನ್’ ಆದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದ್ದು. ಅಷ್ಟು ಸಣ್ಣ ಬಾಗಿಲಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಉಕ್ಕಿಗೆ ಕೆತ್ತಿದ ಕೈ ಯಾರದೋ, ಆ ಕೈಗೆ ನಾನು ನಮಸ್ಕಾರ ಹೇಳುತ್ತೇನೆ. ಡೈ ಕೆಲಸ ಮಾಡಿದವರಿಗೇ ಅದರ ಕಷ್ಟ ಗೊತ್ತು.

ಉರ್ದು ಬಾರದವರು ಇಸವಿ ಓದಲು ಹೆದರಬೇಕಿಲ್ಲ. ಒಂದು ಅಂದರೆ ನೆಟ್ಟಗಿನ ಗೆರೆ, ಸೊನ್ನೆ ಬರೀ ಚುಕ್ಕೆ. ಏಳು ಬಾಯಿ ಮೇಲಾಗಿ ತೆರೆದ ಎರಡು ಗೆರೆ, ಎಂಟು ಅದನ್ನೇ ಬೋರಲು ಹಾಕಿದ್ದು. ಉಳಿದವು ನಾಲ್ಕಾರು ನಾಣ್ಯ ನೋಡುವಷ್ಟರಲ್ಲಿ ಕಣ್ಣಿಗೆ ಹತ್ತುತ್ತವೆ. ಹಿಜರಿ ವರ್ಷ ಚಾಂದ್ರಮಾನದ್ದು, ನಮ್ಮ ಇಸವಿಗಿಂತ ಗಿಡ್ಡ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಹತ್ತಿರದ ಇಸವಿ ಸಿಗುತ್ತದೆ. 1337 ಎಂದಿದ್ದರೆ 1918–19.

ಆ 1918ಕ್ಕೆ ಕಲ್ದಾರ್ ಬದಿಯಲ್ಲಿ ದೊಡ್ಡ ಕಥೆಯಿದೆ. ಮೊದಲ ಮಹಾಯುದ್ಧಕ್ಕೆ ಇಂಡಿಯಾದಿಂದ ಸೈನ್ಯವೂ ಸಾಮಾನೂ ಹೋದವು. ಅದಕ್ಕೆ ಬದಲಾಗಿ ಇಲ್ಲಿ ಬೆಳ್ಳಿಯ ರೂಪಾಯಿ ಕೊಡಬೇಕು, ಬೆಳ್ಳಿಯೇ ಇಲ್ಲ. ಆಗ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ತನ್ನ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಪಾಲು ಬ್ರಿಟನ್ ಕೈಯಿಂದ ಇಂಡಿಯಾಕ್ಕೆ ಬಂತು. 1918, 1919ರ ರೂಪಾಯಿಗಳು ಇಂದಿಗೂ ಎಲ್ಲೆಂದರಲ್ಲಿ ಸಿಗುವುದು ಆಗ ರಾಶಿಗಟ್ಟಲೆ ಅಚ್ಚಾದದ್ದರಿಂದ. ಹೊಸದಾಗಿ ಆಲ್ಬಂ ಶುರುಮಾಡುವವರು ಇವುಗಳಿಂದಲೇ ಶುರುಮಾಡಲಿ ಎನ್ನುತ್ತೇನೆ. ಹಿಂಬದಿಯ ಕೆಳಗಿನ ಕಮಲದ ಕೆಳಗೆ ಸಣ್ಣ ಚುಕ್ಕೆ ಇದ್ದರೆ ಮುಂಬೈ ಟಂಕಸಾಲೆಯದು, ಇಲ್ಲದಿದ್ದರೆ ಕಲ್ಕತ್ತೆಯದು. ಒಂದೇ ಇಸವಿಗೆ ಹೀಗೆ ಆಲ್ಬಂನ ಎರಡು ಜೇಬು ತುಂಬುತ್ತವೆ. ಹೈದರಾಬಾದ್ ರಾಜ್ಯ ಕಾಗದದ ನೋಟು ತಂದದ್ದೂ ಅದೇ 1918ರ ಕಾಯ್ದೆಯಿಂದ. ಹಾಲಿ ಬೆಳ್ಳಿ ನಾಣ್ಯದ ಮೇಲೆ ಒಂದೂ ಕನ್ನಡ ಅಕ್ಷರ ಇರಲಿಲ್ಲ. ಆ ನೋಟುಗಳ ಮೇಲೆ ತೆಲುಗು, ಮರಾಠಿಯ ಜೊತೆ ಕನ್ನಡವೂ ಬಂತು.

1911ರ ಕಲ್ದಾರ್ ರೂಪಾಯಿ ಮಾತ್ರ ಸುಲಭವಾಗಿ ಸಿಗದು. ರಾಜನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲನ್ನು ಡೈಯಲ್ಲಿ ಮೊಟಕಾಗಿ ಕೆತ್ತಿದ್ದರಿಂದ ಅದು ಹಂದಿಯಂತೆ ಕಂಡಿತು. ಜನ ಕೆರಳಿದರು, ನಾಣ್ಯ ವಾಪಸು ಕುಲುಮೆಗೆ ಹೋಯಿತು, ಮರುವರ್ಷ ಆನೆ ಆನೆಯಾಗಿ ಬಂತು.

1940ರಲ್ಲಿ ಕಲ್ದಾರ್‌ನ ಬೆಳ್ಳಿ ಅರ್ಧಕ್ಕಿಳಿಯಿತು. ನೂರಕ್ಕೆ 50 ಬೆಳ್ಳಿ, 40 ತಾಮ್ರ, ಉಳಿದದ್ದು ನಿಕ್ಕೆಲ್ ಮತ್ತು ಸತು. ಆ ಕಾಲದ ರೂಪಾಯಿಯ ಅಂಚು ನೋಡಿ: ಹಲ್ಲುಗಳ ನಡುವೆ ಒಳಗೆ ಇಳಿದ ಒಂದು ಕಾಲುವೆ ಸುತ್ತಲೂ ಓಡುತ್ತದೆ. ಗಟ್ಟಿ ಕಾಲರ್‌ನೊಳಗೆ ಇದನ್ನು ಒತ್ತಲು ಬರುವುದಿಲ್ಲ, ಒತ್ತಿದರೆ ನಾಣ್ಯ ಹೊರಗೆ ಬಾರದೆ ಸಿಕ್ಕಿಕೊಳ್ಳುತ್ತದೆ. ಕಾಲುವೆಯನ್ನು ಮೊದಲೇ ಕೊರೆದು ಆಮೇಲೆ ಅಚ್ಚು ಹಾಕಬೇಕು. ಖೋಟಾ ಮಾಡುವವರನ್ನು ತಡೆಯಲು ಮಾಡಿದ ಉಪಾಯ ಅದು. 1947ಕ್ಕೆ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲವಾಯಿತು, ನಿಕ್ಕೆಲ್ ಬಂತು.

ಇನ್ನು ಕೊಳ್ಳುವ ಮಾತು. ಸಿಕಂದರಾಬಾದಿನ ಪಾಟ್ ಮಾರ್ಕೆಟ್‌ನ ಬೆಳ್ಳಿ ಅಂಗಡಿಗಳು, ಗುರುವಾರದ ಜುಮ್ಮೆರಾತ್ ಬಜಾರ್, ಊರಿಗೆ ಹೋದಾಗ ಪರಿಚಯದ ಪತ್ತಾರರು. ಪಾಟ್ ಮಾರ್ಕೆಟ್‌ನ ಒಬ್ಬ ಹಿರಿಯ ವ್ಯಾಪಾರಿಗೆ ನಾನು ಏನು ಹುಡುಕುತ್ತೇನೆಂದು ಗೊತ್ತು. ಅವರೂ ನಮ್ಮ ಕಡೆಯವರೇ, ಮೂಲ ಊರು ಭಾಲ್ಕಿ. “ತಮ್ಮಾ, ಇದು ಕರಗ್ಸೂದಕ್ಕ ಬಂದದ, ಮೊದಲ ನೀ ಒಮ್ಮೆ ನೋಡು” ಎಂದು ಡಬ್ಬಿ ಮುಂದೆ ತಳ್ಳುತ್ತಾರೆ. “ಕಾಕಾ, ಈ ಪಾವಲಿ ತೂಕದ ಬೆಲಿಗೇ ಕೊಡ್ತೀರೇನ್ರಿ?” ಎಂದರೆ ಸವೆದದ್ದಾದರೆ ಕೊಟ್ಟೂ ಬಿಡುತ್ತಾರೆ. ಸಾಮಾನ್ಯ ಇಸವಿಯ ಸವೆದ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು ಕೊಟ್ಟರೆ ಸಾಕು. ತೂಗದೆ ಕೊಳ್ಳಬೇಡಿ. ನೂರನೇ ಒಂದು ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ವರ್ನಿಯರ್, ಅಯಸ್ಕಾಂತ ಜೇಬಿನಲ್ಲಿರಲಿ. ಸವೆದ ರೂಪಾಯಿ ತುಸು ಹಗುರವಿರಬಹುದು. ಆದರೆ ಹೊಸದರಂತೆ ಚೂಪಾಗಿದ್ದು ತೂಕದಲ್ಲಿ ಒಂದು ಗ್ರಾಂ ಕಡಿಮೆ ಬಂದರೆ ಅದು ಖೋಟಾ. ಬೆಳ್ಳಿಯದೆಂದು ಕೊಟ್ಟದ್ದು ಅಯಸ್ಕಾಂತಕ್ಕೆ ಅಂಟಿದರೆ ಎರಡನೇ ಮಾತೇ ಬೇಡ.

ತಂದದ್ದನ್ನು ತೊಳೆಯಬೇಡಿ. ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಯಾವುದೂ ಬೇಡ. ಗಾಳಿಯ ಗಂಧಕದೊಂದಿಗೆ ಸೇರಿ ಬೆಳ್ಳಿಯ ಮೇಲೆ ಕಟ್ಟುವ ಕಪ್ಪು ತೆಳುಪದರ ನಾಣ್ಯಕ್ಕೆ ಕೇಡು ಮಾಡುವುದಿಲ್ಲ, ಉಜ್ಜಿದರೆ ಮೂಡುವ ಗೀರು ಮಾತ್ರ ಶಾಶ್ವತ. ಮಣ್ಣು ಹತ್ತಿದ್ದರೆ ಶುದ್ಧ ನೀರಿನಲ್ಲಿ ನೆನೆಹಾಕಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ. ಆಲ್ಬಂ ಕೊಳ್ಳುವಾಗ ಘಾಟು ವಾಸನೆಯ ಮೆತ್ತನೆ ಪ್ಲಾಸ್ಟಿಕ್ ಹಾಳೆ ತಗೊಳ್ಳಬೇಡಿ. ಅದು ಪಿವಿಸಿ, ಕೆಲವು ವರ್ಷಗಳಲ್ಲಿ ನಾಣ್ಯದ ಮೇಲೆ ಹಸಿರು ಜಿಗುಟು ಬಿಡುತ್ತದೆ. ಚೌಕಾಕಾರದ ರಟ್ಟಿನ ಹೋಲ್ಡರ್ ಒಳ್ಳೆಯದು. ಅದರ ಪಿನ್ನು ನಾಣ್ಯಕ್ಕೆ ತಾಗದಂತೆ ಮಡಿಸಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ನಾಣ್ಯವನ್ನು ಹಿಡಿಯುವುದು ಅಂಚಿನಲ್ಲಿ ಮಾತ್ರ.

ಹೋಲ್ಡರ್‌ನ ಹಿಂದೆ ನಾನು ತೂಕವನ್ನೂ ನಾಣ್ಯ ಎಲ್ಲಿಂದ ಬಂತೆಂಬುದನ್ನೂ ಬರೆಯುತ್ತೇನೆ. ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಕಲಬುರಗಿ ಸೀಮೆಯ ಸಂದೂಕದಲ್ಲಿ ಹಾಲಿಯ ಜೊತೆ ಕಲ್ದಾರ್ ಎಷ್ಟಿತ್ತು ಎಂಬುದು ಆ ಮನೆಯವರು ಎಲ್ಲಿ ವ್ಯಾಪಾರ ಮಾಡಿದರು ಎಂಬುದಕ್ಕೆ ಸಾಕ್ಷಿ. ನಾಣ್ಯಗಳನ್ನು ಬಿಡಿಬಿಡಿಯಾಗಿ ಮಾರಿದ ಕೂಡಲೇ ಆ ಸಾಕ್ಷಿ ಅಳಿಸಿಹೋಗುತ್ತದೆ.

ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಕುಲುಮೆಗೆ ಮೊದಲು ಹೋಗುವುದು ಇಂಥ ಸವೆದ ನಾಣ್ಯಗಳೇ. ಕಾಲಿನ ಕಡಗ, ಮಗುವಿನ ಉಡದಾರ, ದೇವರ ದೀಪ ಆಗಿ ಕರಗಿದವಕ್ಕೆ ಲೆಕ್ಕವಿಲ್ಲ. ಮನೆಯ ಅಗತ್ಯಕ್ಕೆ ಕರಗಿಸಿದವರನ್ನು ದೂರುವ ಹಕ್ಕು ನನಗಿಲ್ಲ. ಲಕ್ಷ್ಮೀ ಪೂಜೆಯ ಡಬ್ಬಿಯಲ್ಲಿರುವುದನ್ನು ಪತ್ತಾರನಿಗೆ ಕೊಡುವ ಮೊದಲು ಇಸವಿಯನ್ನೂ ಬಾಗಿಲೊಳಗಿನ ಅಕ್ಷರವನ್ನೂ ಒಮ್ಮೆ ನೋಡಿ ಎಂದಷ್ಟೇ ಕೇಳುತ್ತೇನೆ. ಕಾನೂನಿನ ಎರಡು ಮಾತು ನೆನಪಿರಲಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪ್ರಾಚೀನ ವಸ್ತು, ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಹೊಲದಲ್ಲಿ, ಗೋಡೆಯಲ್ಲಿ ನಿಧಿ ಸಿಕ್ಕರೆ 1878ರ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಹೈದರಾಬಾದಿಗೆ ಬಂದವರು ಸೈಫಾಬಾದಿನ ಹಳೆಯ ಟಂಕಸಾಲೆಗೆ ಹೋಗಿ. 2022ರಲ್ಲಿ ಅಲ್ಲಿ ಮ್ಯೂಸಿಯಂ ತೆರೆದಿದ್ದಾರೆ. ನಾಣ್ಯ ಅಚ್ಚು ಹಾಕಿದ ಯಂತ್ರಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ನನ್ನ ಹಾಲಿ ಪುಟದಲ್ಲಿ ಈಗ ಖಾಲಿ ಇರುವುದು ಮಹಬೂಬ್ ಕಾಲದ ಎರಡಾಣೆಯ ಜೇಬು. ಎರಡಾಣೆ ಅಂದರೆ 1.4 ಗ್ರಾಂನ ಪುಟ್ಟ ಬಿಲ್ಲೆ, ದಿನದ ಖರ್ಚಿನ ರೊಕ್ಕ. ರೂಪಾಯಿಯಂತೆ ಅದನ್ನು ಯಾರೂ ಗಂಟು ಕಟ್ಟಿ ಇಡಲಿಲ್ಲ. ಹಾಗಾಗಿ ಸಿಕ್ಕವುಗಳಲ್ಲಿ ಬಾಗಿಲೊಳಗಿನ ‘ಮೀಮ್’ ಸವೆದೇ ಹೋಗಿರುತ್ತದೆ. ಅರ್ಧ ಅಕ್ಷರ ಕಂಡರೂ ನಾನು ಕೊಳ್ಳುತ್ತೇನೆ.