ಏರು ಕಡಿದಾದಷ್ಟೂ ಅಭ್ಯಾಸ ಒಳ್ಳೆಯದೇ? ಸೈಕಲ್‌ಗೆ ಸರಿಯಾದ ಗುಡ್ಡ ಹುಡುಕುವುದು ಹೇಗೆ?

ರೋಡ್ ಬೈಕ್, ಅಂದರೆ ತೆಳು ಟೈರಿನ ಹಗುರ ಸೈಕಲ್, ಕೊಂಡವರಿಗೆ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಒಂದೇ: "ಕಾಲಿಗೆ ಶಕ್ತಿ ಬರಬೇಕಾದರೆ ಅತಿ ಕಡಿದಾದ ಘಾಟಿ ಹತ್ತು." ಕೇಳಲು ಸರಿಯೆನಿಸುವ ಈ ಮಾತು ಎಷ್ಟು ನಿಜ? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಏರಿನ ಲೆಕ್ಕ

100 ಮೀಟರ್ ಮುಂದೆ ಹೋಗುವಷ್ಟರಲ್ಲಿ ರಸ್ತೆ 6 ಮೀಟರ್ ಮೇಲೇರಿದರೆ ಅದು ಶೇ. 6ರ ಏರು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕವಿದೆ ಎಂದುಕೊಳ್ಳಿ. ಈ ಏರಿನಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗಲು, ಗುರುತ್ವದ ವಿರುದ್ಧವೇ ಸುಮಾರು 130 ವ್ಯಾಟ್ ಶಕ್ತಿ ಬೇಕು. ಅಷ್ಟೇ ಶಕ್ತಿ ಹಾಕಿ ಶೇ. 10ರ ಏರು ಹತ್ತಿದರೆ ವೇಗ ಗಂಟೆಗೆ 6 ಕಿ.ಮೀ.ಗೆ ಇಳಿಯುತ್ತದೆ.

ಮುಂದೆ 34, ಹಿಂದೆ 28 ಹಲ್ಲಿನ ಗೇರ್ ಇದ್ದರೆ, ಮೊದಲ ಏರಿನಲ್ಲಿ ಪೆಡಲ್ ನಿಮಿಷಕ್ಕೆ ಸುಮಾರು 65 ಸುತ್ತು ತಿರುಗುತ್ತದೆ. ಎರಡನೆಯದರಲ್ಲಿ 40 ಸುತ್ತೂ ಆಗುವುದಿಲ್ಲ. ಶಕ್ತಿ ಅಷ್ಟೇ, ಸುತ್ತು ಕಡಿಮೆ. ಹಾಗಾಗಿ ಒಂದೊಂದು ತುಳಿತಕ್ಕೂ ಹೆಚ್ಚು ಬಲ ಹಾಕಬೇಕು, ಆ ಭಾರ ತೊಡೆ ಮತ್ತು ಮೊಣಕಾಲಿನ ಮೇಲೆ ಬೀಳುತ್ತದೆ. ಹೊಸಬರು ಎರಡೇ ನಿಮಿಷದಲ್ಲಿ ಸುಸ್ತಾಗಿ ಕಾಲೂರುತ್ತಾರೆ. ಹೃದಯ, ಶ್ವಾಸಕೋಶಗಳಿಗೆ ಬೇಕಾದ ದೀರ್ಘ ಅಭ್ಯಾಸ ಆಗುವುದೇ ಇಲ್ಲ.

ಹಾಗಾದರೆ ಒಳ್ಳೆಯ ಏರು ಯಾವುದು?

ಆರಂಭದಲ್ಲಿ ಶೇ. 4ರಿಂದ 7ರಷ್ಟಿರುವ, ಹತ್ತು ನಿಮಿಷವಾದರೂ ಬಿಡದೆ ತುಳಿಯಬಹುದಾದ ರಸ್ತೆ ಸಾಕು. ಶೇ. 5ರ ಏರಿನ 2 ಕಿ.ಮೀ. ರಸ್ತೆಯನ್ನು ನಾಲ್ಕು ಸಲ ಹತ್ತಿದರೆ 400 ಮೀಟರ್ ಎತ್ತರ ಏರಿದಂತಾಯಿತು. ಅದು ಒಂದು ದೊಡ್ಡ ಬೆಟ್ಟವನ್ನೇ ಹತ್ತಿದಷ್ಟು ಕೆಲಸ. ತಿಂಗಳಿಗೊಮ್ಮೆ ಕಾರಿನಲ್ಲಿ ಸೈಕಲ್ ಹೊತ್ತೊಯ್ದು ಹತ್ತುವ ಹೆಸರಾಂತ ಘಾಟಿಗಿಂತ, ವಾರಕ್ಕೆರಡು ಸಲ ಹೋಗಬಹುದಾದ ಹತ್ತಿರದ ಗುಡ್ಡವೇ ಮೇಲು.

ಬೆಂಗಳೂರಿನವರ ಅಚ್ಚುಮೆಚ್ಚಿನ ನಂದಿ ಬೆಟ್ಟದ ಎತ್ತರ 1,478 ಮೀಟರ್. ಬುಡದಿಂದ ಏಳೆಂಟು ಕಿ.ಮೀ. ಏರಿದೆ. ಒಳ್ಳೆಯ ಜಾಗವೇ, ಆದರೆ ವಾರಾಂತ್ಯದ ಬೆಳಿಗ್ಗೆ ಕಾರು, ಬೈಕುಗಳ ಸಾಲು ಇರುತ್ತದೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಊರಂಚಿನಲ್ಲೇ ಇದೆ, ಆಷಾಢ ಶುಕ್ರವಾರಗಳನ್ನು ಬಿಟ್ಟು ಬೇರೆ ದಿನ ನೋಡಿಕೊಳ್ಳಬೇಕು. 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ ನೋಡಲು ಚೆಂದ. ಆದರೆ ಕಿರಿದಾದ ರಸ್ತೆ, ಮಳೆ, ಮಂಜು ಇರುವ ಕಡೆ ಹೊಸಬರ ಅಭ್ಯಾಸ ಬೇಡ.

ಮೊಬೈಲಿನಲ್ಲೇ ಹುಡುಕಬಹುದೇ?

ಹುಡುಕಬಹುದು. ಸಮಾನ ಎತ್ತರದ ಗೆರೆಗಳಿರುವ ನಕ್ಷೆ ತೆರೆಯಿರಿ. ಗೆರೆಗಳ ನಡುವೆ 20 ಮೀಟರ್ ಎತ್ತರದ ಅಂತರವಿದ್ದು, 2 ಕಿ.ಮೀ. ಉದ್ದಕ್ಕೂ ಏರುತ್ತಲೇ ಹೋಗುವ ರಸ್ತೆ ಐದು ಅಂತರಗಳನ್ನು ದಾಟಿದರೆ 100 ಮೀಟರ್ ಏರು, ಅಂದರೆ ಸರಾಸರಿ ಶೇ. 5. ಸ್ಟ್ರಾವಾದಂಥ ಆ್ಯಪ್‌ಗಳು ಈ ಲೆಕ್ಕವನ್ನು ತಾವೇ ಹಾಕಿಕೊಡುತ್ತವೆ.

ಆದರೆ ಸರಾಸರಿಯೊಂದನ್ನೇ ನಂಬಬೇಡಿ. ನಡುವೆ ಇಳಿಜಾರಿದ್ದರೆ ಸರಾಸರಿ ಕಡಿಮೆ ಕಾಣುತ್ತದೆ, ಉಳಿದ ಭಾಗ ಗೋಡೆಯಂತೆ ಕಡಿದಾಗಿರಬಹುದು. ಮೇಲ್ಸೇತುವೆ ಮತ್ತು ಬೆಟ್ಟದ ಅಂಚಿನ ರಸ್ತೆಗಳಲ್ಲಿ ನಕ್ಷೆಯ ಎತ್ತರ ತಪ್ಪುವುದೂ ಉಂಟು. ಮೊದಲು ಒಮ್ಮೆ ನಿಧಾನವಾಗಿ ಹೋಗಿ ನೋಡಿ ಬನ್ನಿ.

ಹತ್ತುವುದಷ್ಟೇ ಅಲ್ಲ, ಇಳಿಯಲೂ ಬೇಕು

ಜಾಗ ಆಯುವಾಗ ಹೆಚ್ಚಿನವರು ಮರೆಯುವುದು ಇದನ್ನೇ. 80 ಕಿಲೋ ಭಾರ 100 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 78 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಅದು ಒಂದು ಲೀಟರ್ ನೀರನ್ನು 19 ಡಿಗ್ರಿಯಷ್ಟು ಬಿಸಿ ಮಾಡಬಲ್ಲದು. ಒಂದಿಷ್ಟನ್ನು ಎದುರಿನ ಗಾಳಿ ನುಂಗುತ್ತದೆ. ನಿಧಾನವಾಗಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಬಹುಪಾಲು ಬ್ರೇಕಿಗೇ ಹೋಗುತ್ತದೆ. ರಿಮ್ ಬ್ರೇಕಿನ ಸೈಕಲ್‌ನಲ್ಲಿ ರಿಮ್ ವಿಪರೀತ ಕಾದು ಟ್ಯೂಬ್ ಒಡೆಯಬಹುದು. ತಿರುವಿಗೆ ಮುಂಚೆಯೇ ಎರಡೂ ಬ್ರೇಕ್ ಹಿಡಿದು ವೇಗ ತಗ್ಗಿಸಿ, ನೇರ ದಾರಿಯಲ್ಲಿ ಬಿಟ್ಟು ಬಿಟ್ಟು ಹಿಡಿಯಿರಿ.

ಹೊಸ ಜಾಗಕ್ಕೆ ಹೋದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

• ತಿರುವಿನಾಚೆ ಬರುವ ವಾಹನ ಕಾಣುತ್ತದೆಯೇ?
• ಗುಂಡಿ, ಜಲ್ಲಿ, ಮರಳು ಇದೆಯೇ?
• ಇಳಿಜಾರು ಮುಗಿಯುವಲ್ಲೇ ಅಡ್ಡರಸ್ತೆ ಅಥವಾ ಹಂಪ್ ಇದೆಯೇ?
• ಸಹಾಯ ಬೇಕಾದರೆ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ?

ಉತ್ತರ ಸಮಾಧಾನ ತರದಿದ್ದರೆ ಏರು ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಬಯಲುಸೀಮೆಯವರು ಏನು ಮಾಡಬೇಕು?

ಗುಡ್ಡವಿಲ್ಲದ ಊರಿನಲ್ಲಿ ಅಭ್ಯಾಸವೇ ಆಗದು ಎಂಬ ಮಾತೂ ಪೂರ್ತಿ ನಿಜವಲ್ಲ. ಎದುರುಗಾಳಿಯಲ್ಲಿ ಹತ್ತು ನಿಮಿಷ ಬಿಡದೆ ತುಳಿದರೆ ಹೃದಯಕ್ಕೆ ಏರಿನಷ್ಟೇ ಕೆಲಸ ಕೊಡಬಹುದು. ಸೈಕಲ್ ಟ್ರೈನರ್ ಇದ್ದರೆ ಮನೆಯಲ್ಲೇ ಸಾಧ್ಯ. ವಾಹನ ನುಗ್ಗುವ ಮೇಲ್ಸೇತುವೆಯನ್ನು ಮಾತ್ರ ಗುಡ್ಡವೆಂದು ಬಳಸಬೇಡಿ.

ಎದೆನೋವು, ತಲೆಸುತ್ತು ಬಂದರೆ "ಇನ್ನೊಂದೇ ತಿರುವು" ಎನ್ನದೆ ಕೂಡಲೇ ನಿಂತು ಸಹಾಯ ಪಡೆಯಿರಿ. ಹೃದಯ ಅಥವಾ ಮೊಣಕಾಲಿನ ತೊಂದರೆ ಇರುವವರು ಅಭ್ಯಾಸ ಶುರುಮಾಡುವ ಮುನ್ನವೇ ವೈದ್ಯರನ್ನು ಕೇಳಬೇಕು.

ಒಟ್ಟಿನಲ್ಲಿ: "ಕಡಿದಾದಷ್ಟೂ ಒಳ್ಳೆಯದು" ಎಂಬುದು ಸರಿಯಲ್ಲ. ಮತ್ತೆ ಮತ್ತೆ ಹತ್ತಲಾಗುವ, ಪ್ರತಿ ಸಲವೂ ಕ್ಷೇಮವಾಗಿ ಇಳಿಯಲಾಗುವ ಏರೇ ಒಳ್ಳೆಯ ಏರು. ಹೊಸ ಸೈಕಲ್ ಕೊಂಡ ಗೆಳೆಯರಿದ್ದರೆ, ಮುಂದಿನ ಭಾನುವಾರ ಅವರು ಘಾಟಿಗೆ ಹೊರಡುವ ಮುನ್ನ ಇದನ್ನು ಕಳುಹಿಸಿ.